ಟಿವಿಯಲ್ಲಿ ಮಾತು ಕೇಳುತ್ತೆ, ಚಿತ್ರ ಇಲ್ಲ. ವಾರಂಟಿ ಮುಗಿದು 41 ದಿನ!

ಸಾಗರದ ಸೊಸೆ (ಡಿಸೆಂಬರ್ 14, 2025)

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ, ಪೇಟೆಯಿಂದ ಆರು ಕಿಲೋಮೀಟರ್ ಒಳಗೆ. 2024ರ ಅಕ್ಟೋಬರ್ 29ಕ್ಕೆ ದೀಪಾವಳಿ ಆಫರ್‌ನಲ್ಲಿ 43 ಇಂಚಿನ ಎಲ್‌ಇಡಿ ಟಿವಿ ತಗೊಂಡೆವು. 28,490 ರೂಪಾಯಿ. ಕಂಪನಿ ಹೆಸರು ಹೇಳುವುದಿಲ್ಲ. ಹೇಳಿದರೆ ‘ನಮ್ಮನೇಲಿ ಅದೇ ಕಂಪನಿದು ಐದು ವರ್ಷದಿಂದ ಚೆನ್ನಾಗಿದೆ’ ಅನ್ನುವವರು ಸಾಲುಗಟ್ಟಿ ಬರುತ್ತಾರೆ.

ಈಗ ನಮ್ಮ ಕಡೆ ಕೊನೆಕೊಯ್ಲು. ಅತ್ತೆ ಸಂಜೆ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಾ ಸೀರಿಯಲ್ ನೋಡುತ್ತಾರೆ. ಕಳೆದ ಸೋಮವಾರ, 8ನೇ ತಾರೀಕು, ಏಳೂವರೆ ಹೊತ್ತಿಗೆ ಪರದೆ ಕಪ್ಪಾಯಿತು. ಮಾತು ನಿಲ್ಲಲಿಲ್ಲ. ಚಾನೆಲ್ ಬದಲಾಯಿಸಿದರೆ ಬದಲಾಗಿದ್ದು ಕಿವಿಗೆ ಗೊತ್ತಾಗುತ್ತೆ. ಆಫ್ ಮಾಡಿ ಮತ್ತೆ ಹಾಕಿದರೆ ಒಂದೆರಡು ಸೆಕೆಂಡ್ ಕಂಪನಿ ಲೋಗೋ ಕಾಣುತ್ತೆ, ಆಮೇಲೆ ಕತ್ತಲೆ. “ರೇಡಿಯೋ ಆಯ್ತಲ್ಲೇ ಇದು” ಅಂದರು ಅತ್ತೆ.

ಕಂಪನಿಗೆ ಫೋನ್ ಮಾಡಿದೆ. ನಾಳೆ ಬರುತ್ತಾರೆ ಅಂದರು, ನಾಲ್ಕನೇ ದಿನ ಶಿವಮೊಗ್ಗದಿಂದ ಒಬ್ಬ ಹುಡುಗ ಬಂದ. ಹಿಂದಿನ ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. ಸ್ಟಿಕರ್ ಫೋಟೋ ತೆಗೆದ, ಆನ್ ಮಾಡಿದ, ಆಫ್ ಮಾಡಿದ. “ಪ್ಯಾನೆಲ್ ಹೋಗಿದೆ ಮೇಡಂ” ಅಂದ, ಅಂದರೆ ಚಿತ್ರ ಮೂಡುವ ಗಾಜಿನ ಪರದೆಯೇ. ಕಾಫಿ ಕುಡಿದ. ವಿಸಿಟ್ ಚಾರ್ಜ್ 590 ತಗೊಂಡು ಹೋದ. ರಾತ್ರಿ ವಾಟ್ಸಾಪ್‌ಗೆ ಎಸ್ಟಿಮೇಟ್ ಬಂತು: ಪ್ಯಾನೆಲ್ 19,400 ರೂಪಾಯಿ, ಕೂಲಿ ಬೇರೆ. ಮತ್ತೆ ಫೋನ್ ಮಾಡಿದರೆ, “ಇದಕ್ಕೆ ಅಷ್ಟು ಹಾಕೋದು ದಂಡ ಮೇಡಂ, ಹೊಸದಕ್ಕೆ ಡಿಸ್ಕೌಂಟ್ ಕೊಡಿಸ್ತೀವಿ” ಅಂತ ಸಮಾಧಾನ.

ಅಂಗಡಿಯಲ್ಲಿ 2,499ಕ್ಕೆ ಎರಡು ವರ್ಷದ ಎಕ್ಸ್‌ಟೆಂಡೆಡ್ ವಾರಂಟಿ ಕೊಡುತ್ತೇವೆ ಅಂದಿದ್ದರು. ಬೇಡ ಅಂದವಳು ನಾನೇ. ನಮ್ಮನೆಯವರು ಅದನ್ನು ದಿನಕ್ಕೆ ಮೂರು ಸಲ ನೆನಪಿಸುತ್ತಿದ್ದಾರೆ.

ಸಿಡಿಲಿಗೆ ಹೋಯ್ತಾ ಅಂತ ಕೇಳಬೇಡಿ. ಡಿಸೆಂಬರ್‌ನಲ್ಲಿ ಎಲ್ಲಿಯ ಸಿಡಿಲು? ಮಳೆಗಾಲದಲ್ಲಿ ಗುಡುಗು ಶುರುವಾದ ಕೂಡಲೇ ಪ್ಲಗ್ಗೂ ಕೀಳುತ್ತೇವೆ, ಡಿಶ್ ವೈರೂ ಕೀಳುತ್ತೇವೆ.

ನಿಜಕ್ಕೂ ಪ್ಯಾನೆಲ್ ಹೋಗಿರುತ್ತಾ? ಪೇಟೆಯ ರಿಪೇರಿಯವರ ಹತ್ತಿರ ಬಿಚ್ಚಿಸಲಾ? ವಾರಂಟಿ ಮುಗಿದ ಮೇಲೆ ಕಂಪನಿಯನ್ನು ಕೇಳುವ ದಾರಿ ಏನಾದರೂ ಇದೆಯಾ?

ಬೆಸುಗೆ ಕಡ್ಡಿ

ಅಕ್ಕ, ತುಮಕೂರಲ್ಲಿ 22 ವರ್ಷದಿಂದ ಟಿವಿ ರಿಪೇರಿ ಮಾಡುತ್ತಿದ್ದೇನೆ. ಡಬ್ಬಾ ಟಿವಿ ಕಾಲದವನು. ನೀವು ಬರೆದಿದ್ದರಲ್ಲಿ ಒಂದು ಮಾತು ನನಗೆ ಸಾಕು: ಲೋಗೋ ಒಂದೆರಡು ಸೆಕೆಂಡ್ ಕಂಡು ಕಪ್ಪಾಗುತ್ತೆ ಅಂದಿರಲ್ಲ, ಅದು. ಪ್ಯಾನೆಲ್ ಹೋಗಿದ್ದರೆ ಸಾಮಾನ್ಯವಾಗಿ ಗೆರೆ ಬರುತ್ತೆ, ಅರ್ಧ ಪರದೆ ಬೆಳ್ಳಗಾಗುತ್ತೆ, ಚಿತ್ರ ಒಡೆದ ಹಾಗೆ ಕಾಣುತ್ತೆ. ನಿಮ್ಮದು ಬ್ಯಾಕ್‌ಲೈಟ್ ಅನಿಸುತ್ತೆ.

ಎಲ್‌ಇಡಿ ಟಿವಿಯ ಪರದೆಗೆ ಸ್ವಂತ ಬೆಳಕಿಲ್ಲ. ಅದರ ಹಿಂದೆ ಉದ್ದುದ್ದ ಪಟ್ಟಿಗಳ ಮೇಲೆ ಸಣ್ಣ ಎಲ್‌ಇಡಿಗಳನ್ನು ಕೂರಿಸಿರುತ್ತಾರೆ. ಗಣೇಶನ ಪೆಂಡಾಲ್‌ಗೆ ಸೀರಿಯಲ್ ಸೆಟ್ ಹಾಕುತ್ತೇವಲ್ಲ, ಹಾಗೆಯೇ ಒಂದರ ಹಿಂದೆ ಒಂದು. ಒಂದು ಸುಟ್ಟರೆ ಆ ಸಾಲಿಗೆಲ್ಲ ಕರೆಂಟ್ ಇಲ್ಲ. ಬೋರ್ಡು ಒಂದೆರಡು ಸೆಕೆಂಡ್ ನೋಡುತ್ತೆ, ಲೆಕ್ಕ ತಪ್ಪಿದೆ ಅಂತ ಪೂರ್ತಿ ಬೆಳಕನ್ನೇ ಕಟ್ ಮಾಡುತ್ತೆ. ನಿಮ್ಮ ಅತ್ತೆಯವರ ಸೀರಿಯಲ್ ಕೆಟ್ಟಿರುವುದು ಸೀರಿಯಲ್ ಸೆಟ್‌ನಿಂದ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಕೋಣೆಯ ಲೈಟೆಲ್ಲ ಆರಿಸಿ, ಟಿವಿ ಆನ್ ಮಾಡಿ. ಟಾರ್ಚನ್ನು ಪರದೆಗೆ ಒಂದು ಗೇಣು ಹತ್ತಿರ, ಸ್ವಲ್ಪ ಓರೆಯಾಗಿ ಹಿಡಿದು ನೋಡಿ. ಮಸುಕಾಗಿ ಚಿತ್ರ ಓಡಾಡಿದ್ದು ಕಂಡರೆ ಪ್ಯಾನೆಲ್ ಜೀವಂತ ಇದೆ. ಖರ್ಚು ಸೊನ್ನೆ.

ಬ್ಯಾಕ್‌ಲೈಟೇ ಆಗಿದ್ದರೆ ನಮ್ಮ ಕಡೆ 43 ಇಂಚಿಗೆ 2,500ರಿಂದ 4,000ದ ಒಳಗೆ ಮುಗಿಸುತ್ತೇವೆ. ಒಂದು ಎಲ್‌ಇಡಿ ಮಾತ್ರ ಹಾಕಿ ಅಂತ ಯಾರಿಗೂ ಹೇಳಬೇಡಿ. ಮಿಕ್ಕವೂ ಅಷ್ಟೇ ಬಿಸಿ ತಿಂದಿರುತ್ತವೆ, ಮೂರು ತಿಂಗಳಿಗೆ ಇನ್ನೊಂದು ಹೋಗುತ್ತೆ. ಪೂರ್ತಿ ಸೆಟ್ ಪಟ್ಟಿ ಹಾಕಿಸಿ. ಆದರೆ ಕೆಲಸ ನಾಜೂಕು. ಪಟ್ಟಿ ಕೈಗೆ ಸಿಗಬೇಕಾದರೆ ಮುಂದಿನ ಗಾಜಿನ ಪ್ಯಾನೆಲ್ ಎತ್ತಲೇಬೇಕು. ಅದು ಹಪ್ಪಳ ಇದ್ದ ಹಾಗೆ. ಅಂಚಿನಲ್ಲಿ ಪಾರದರ್ಶಕ ರಿಬ್ಬನ್‌ಗಳು ಇರುತ್ತವೆ, ಒಂದು ಹರಿದರೆ ಆವತ್ತು ನಿಜವಾಗಿ ಪ್ಯಾನೆಲ್ ಹೋಗುತ್ತೆ. ಒಳಗಿನ ಬಿಳಿ ಹಾಳೆಗಳ ನಡುವೆ ಒಂದು ಕೂದಲು ಸಿಕ್ಕಿಕೊಂಡರೂ ಟಿವಿ ಇರುವಷ್ಟು ದಿನ ಕಾಣುತ್ತೆ. ಹಾಗಾಗಿ ಮಾಡುವವರನ್ನು ಮೊದಲೇ ಕೇಳಿ: “ಎತ್ತುವಾಗ ಒಡೆದರೆ ಯಾರ ಜವಾಬ್ದಾರಿ?” ಈ ಪ್ರಶ್ನೆಗೆ ತಡವರಿಸಿದರೆ ಟಿವಿ ವಾಪಸ್ ತನ್ನಿ.

ಹೊಸದೇ ವಾಸಿ

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಮೇಡಂ. ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಎಕ್ಸ್‌ಚೇಂಜಿಗೆ ಹಾಕಿ ಹೊಸದು ತಗೊಳ್ಳಿ. ಎಲೆಕ್ಟ್ರಾನಿಕ್ಸ್ ಒಂದು ಸಲ ಬಿಚ್ಚಿದರೆ ಮುಗೀತು, ಆಮೇಲೆ ದಿನಾ ಒಂದೊಂದು ಕಾಯಿಲೆ.

ಬೆಸುಗೆ ಕಡ್ಡಿ

ಚಿತ್ರ ಬಾರದ ಟಿವಿಗೆ ಎಕ್ಸ್‌ಚೇಂಜಲ್ಲಿ ಎಷ್ಟು ಕೊಡುತ್ತಾರೆ ಅಂತ ಒಮ್ಮೆ ಕೇಳಿ ನೋಡಿ ಗುರುಗಳೇ. ಗುಜರಿಯವನೇ ವಾಸಿ ಅನಿಸುತ್ತೆ. ಬಿಚ್ಚಿದರೆ ಮುಗೀತು ಅನ್ನುವುದಾದರೆ ನನ್ನ ಮನೆಯ ಅಕ್ಕಿ ಎಲ್ಲಿಂದ ಬಂತು?

ಫ್ರಿಜ್ ಕೇಸಿನವ

ಸೊಸೆ ಮೇಡಂ, ಒಂದು ನಿಮಿಷ. ಯಾರ ಹತ್ತಿರವೂ ಈಗಲೇ ಬಿಚ್ಚಿಸಬೇಡಿ. ಬೆಸುಗೆ ಕಡ್ಡಿ ಅಣ್ಣ ಹೇಳಿದ್ದು ಸರಿ ಇರಬಹುದು, ಆದರೆ ಹೊರಗಿನವರು ಒಂದು ಸ್ಕ್ರೂ ತಿರುಗಿಸಿದರೂ ಕಂಪನಿ “ಬೇರೆಯವರು ಕೈ ಹಾಕಿದ್ದಾರೆ” ಅಂತ ಕೈ ತೊಳೆದುಕೊಳ್ಳುತ್ತೆ. ನನ್ನ ಫ್ರಿಜ್‌ನಲ್ಲಿ ಆಗಿದ್ದು ಅದೇ.

ನಾನು ವಕೀಲ ಅಲ್ಲ. ಧಾರವಾಡದಲ್ಲಿ ಫ್ರಿಜ್ ಒಂದಕ್ಕೆ ವರ್ಷದ ಮೇಲೆ ನಾಲ್ಕು ತಿಂಗಳು ಗ್ರಾಹಕರ ಆಯೋಗಕ್ಕೆ ಓಡಾಡಿದವನು. ಕಲಿತಿದ್ದನ್ನು ಹೇಳುತ್ತೇನೆ.

ಮೊದಲು ವಾರಂಟಿ ಕಾರ್ಡ್ ಹುಡುಕಿ. ಡಬ್ಬದಲ್ಲಿ, ಥರ್ಮೋಕೋಲ್ ಕೆಳಗೆ ಇರುತ್ತೆ. ಕೆಲವು ಕಂಪನಿಗಳು ಟಿವಿಗೆ 1 ವರ್ಷ, ಪ್ಯಾನೆಲ್‌ಗೆ ಮಾತ್ರ ಇನ್ನೊಂದು ವರ್ಷ ಅಂತ ಕೊಡುತ್ತವೆ. ಅಂಗಡಿಯವನು ಹೇಳುವುದಿಲ್ಲ, ಫೋನ್ ಎತ್ತುವವರೂ ಹೇಳುವುದಿಲ್ಲ. ನಿಮ್ಮ ಕಾರ್ಡಲ್ಲಿ ಅದು ಇದ್ದರೆ ಮಜಾ ಇದೆ. ‘ಪ್ಯಾನೆಲ್ ಹೋಗಿದೆ’ ಅಂತ ಬರೆದುಕೊಟ್ಟಿದ್ದು ಅವರೇ ಅಲ್ವಾ?

ಇನ್ನು ಕಾನೂನು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, 2020ರ ಜುಲೈ 20ರಿಂದ ಜಾರಿ. ನೀವು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಅಂದರೆ ನಿಮಗೆ ಶಿವಮೊಗ್ಗ ಆಯೋಗ. ಕಂಪನಿ ಆಫೀಸ್ ದೆಹಲಿಯಲ್ಲಿದ್ದರೂ ಅಲ್ಲಿಗೆ ಹೋಗಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷ ಗಡುವು. ಈಗ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು.

ಆದರೆ ವಾರಂಟಿ ಮುಗಿದ ಮೇಲೆ ‘ಕೆಟ್ಟಿದೆ’ ಅಂದರೆ ಸಾಲದು. ತಯಾರಿಕೆಯಲ್ಲೇ ದೋಷ ಇತ್ತು ಅಂತ ನೀವು ತೋರಿಸಬೇಕು. ಅದಕ್ಕೆ ಪರಿಣತರ ವರದಿ ಬೇಕಾಗುತ್ತೆ, ಆಯೋಗ ವಸ್ತುವನ್ನು ಲ್ಯಾಬಿಗೆ ಕಳಿಸಬಹುದು, ಅದರ ಖರ್ಚು ಮೊದಲು ನಿಮ್ಮ ಕೈಯಿಂದ. ಕಾಯ್ದೆಯಲ್ಲಿ ಪರೀಕ್ಷೆ ಬೇಡದಿದ್ದರೆ 3 ತಿಂಗಳು, ಬೇಕಿದ್ದರೆ 5 ತಿಂಗಳು ಅಂತ ಬರೆದಿದೆ. ನನ್ನದು ಎಷ್ಟಾಯಿತು ಅಂತ ಮೇಲೆ ಹೇಳಿದೆನಲ್ಲ. ಹಾಗಾಗಿ ಅದು ಕೊನೆಯ ಮೆಟ್ಟಿಲು. ಅದಕ್ಕೂ ಮೊದಲು 1915 ಇದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು. ಅವರು ತೀರ್ಪು ಕೊಡುವುದಿಲ್ಲ, ನಿಮ್ಮ ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ. ಅಷ್ಟಕ್ಕೇ ಎಷ್ಟೋ ಕೆಲಸ ಆಗುತ್ತೆ.

ಇನ್ನೊಂದು: ಫೋನಲ್ಲಿ ಜಗಳ ಆಡಬೇಡಿ. ಎಲ್ಲ ಇಮೇಲ್‌ನಲ್ಲಿ. ಫೋನಲ್ಲಿ ಆಡಿದ ಮಾತಿಗೆ ಆಮೇಲೆ ದಿಕ್ಕೂ ಇಲ್ಲ, ದೆಸೆಯೂ ಇಲ್ಲ.

ಸಾಗರದ ಸೊಸೆ (ಡಿಸೆಂಬರ್ 15)

ಟಾರ್ಚ್ ಪರೀಕ್ಷೆ ಆಯಿತು. ಕಂಡಿತು! ಮೊದಲು ಮೂಲೆಯಲ್ಲಿ ಚಾನೆಲ್ ಗುರುತು, ಆಮೇಲೆ ಸೀರಿಯಲ್ ನಾಯಕಿಯ ಮುಖ, ಬೂದಿ ಬಣ್ಣದಲ್ಲಿ, ತುಟಿ ಅಲುಗಾಡುವುದೂ ಸೇರಿ. ಟಾರ್ಚ್ ಬೆಳಕು ಬಿದ್ದಷ್ಟೇ ಜಾಗದಲ್ಲಿ ಚಿತ್ರ. ಕೆರೆ ತಳ ನೋಡಿದ ಹಾಗಿತ್ತು. ನಾನು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಅತ್ತೆ ಮಣೆಯನ್ನು ಟಿವಿ ಮುಂದಕ್ಕೆ ಎಳೆದುಕೊಂಡು, ಮಾವನ ತೋಟದ ಟಾರ್ಚ್ ಹಿಡಿದು, ಯಾರು ಮಾತಾಡುತ್ತಾರೋ ಅವರ ಮುಖಕ್ಕೆ ಬೆಳಕು ಬಿಡುತ್ತಾ ಕೂತಿದ್ದರು. ಸೀರಿಯಲ್ ಮುಗಿಯುವವರೆಗೂ ಏಳಲಿಲ್ಲ. ಅಡಿಕೆ ಹಾಗೇ ಉಳಿಯಿತು.

ವಾರಂಟಿ ಕಾರ್ಡೂ ಸಿಕ್ಕಿತು. ಅಟ್ಟದ ಮೇಲೆ, ಡಬ್ಬದೊಳಗೆ. ಇಲಿ ಒಂದು ಮೂಲೆ ತಿಂದಿದೆ, ಪುಣ್ಯಕ್ಕೆ ಮುಖ್ಯ ಸಾಲು ಬಿಟ್ಟಿದೆ. ಪ್ಯಾನೆಲ್‌ಗೆ ಹೆಚ್ಚುವರಿ 12 ತಿಂಗಳು, ಕೂಲಿ ಮತ್ತು ವಿಸಿಟ್ ಚಾರ್ಜ್ ಗ್ರಾಹಕರದ್ದು ಅಂತ ಇರುವೆ ಸಾಲಿನಂಥ ಅಕ್ಷರದಲ್ಲಿದೆ. ಅಂದರೆ 2026ರ ಅಕ್ಟೋಬರ್‌ವರೆಗೆ! ಹಾಗಿದ್ದರೆ ಆ ಹುಡುಗ 19,400 ಯಾಕೆ ಕೇಳಿದ?

ಈಗ ಗೊಂದಲ ಏನು ಅಂದರೆ, ಪ್ಯಾನೆಲ್ ಹೋಗಿಲ್ಲ ಅಂತ ಟಾರ್ಚ್ ಹೇಳುತ್ತಿದೆ. ಪ್ಯಾನೆಲ್ ಹೋಗಿದೆ ಅಂದರೇ ವಾರಂಟಿ ಸಿಗುವುದು. ನಾನು ಯಾವುದನ್ನು ಹೇಳಲಿ? ಸುಳ್ಳು ಹೇಳಲು ಮನಸ್ಸಿಲ್ಲ.

ಫ್ರಿಜ್ ಕೇಸಿನವ

ನೀವು ಏನೂ ಹೇಳಬೇಕಿಲ್ಲ. ಅವರು ಹೇಳಿದ್ದನ್ನೇ ಅವರಿಗೆ ಓದಿ ಹೇಳಿ. ಇಷ್ಟು ಬರೆಯಿರಿ, ಸಾಕು: ‘12ನೇ ತಾರೀಕು ನಿಮ್ಮ ತಂತ್ರಜ್ಞರು ಬಂದು ಪ್ಯಾನೆಲ್ ಹೋಗಿದೆ ಅಂತ ತಿಳಿಸಿ 19,400 ರೂಪಾಯಿ ಎಸ್ಟಿಮೇಟ್ ಕಳಿಸಿದ್ದಾರೆ. ನಿಮ್ಮ ವಾರಂಟಿ ಕಾರ್ಡ್ ಪ್ರಕಾರ ಪ್ಯಾನೆಲ್‌ಗೆ ಎರಡನೇ ವರ್ಷವೂ ವಾರಂಟಿ ಇದೆ. ಹಾಗಾಗಿ ಬದಲಿಸಿಕೊಡಿ. ಪ್ಯಾನೆಲ್ ಅಲ್ಲ ಎನ್ನುವುದಾದರೆ ಬಿಚ್ಚಿ ಪರೀಕ್ಷಿಸಿ, ಏನು ಕೆಟ್ಟಿದೆ, ಎಸ್ಟಿಮೇಟ್ ಯಾಕೆ ತಪ್ಪಾಯಿತು ಅಂತ ಬರಹದಲ್ಲಿ ತಿಳಿಸಿ.’ ಬಿಲ್, ಕಾರ್ಡ್, 590ರ ರಸೀದಿ, ವಾಟ್ಸಾಪ್ ಎಸ್ಟಿಮೇಟಿನ ಫೋಟೋ ಜೊತೆಗೆ ಇಡಿ. ಏಳು ದಿನ ಟೈಮ್ ಕೊಡಿ. ಬೈಗುಳ ಬೇಡ, ‘ಹಿರಿಯರು ಸಂಕಟಪಡುತ್ತಿದ್ದಾರೆ’ ಅನ್ನುವುದೂ ಬೇಡ. ಅತ್ತೆಯವರ ಟಾರ್ಚ್ ಕಥೆ ನಮಗೆ ಮಾತ್ರ ಇರಲಿ.

ಬೆಸುಗೆ ಕಡ್ಡಿ

ನಾನೂ ಒಪ್ಪುತ್ತೇನೆ, ಮೊದಲು ಕಾಗದ, ಆಮೇಲೆ ಕಡ್ಡಿ. ಕಂಪನಿಯವರು ಬ್ಯಾಕ್‌ಲೈಟ್ ಬೇರೆ, ಪ್ಯಾನೆಲ್ ಬೇರೆ ಅಂತ ಖಂಡಿತ ತಕರಾರು ತೆಗೆಯುತ್ತಾರೆ. ಎಷ್ಟೋ ಮಾಡೆಲ್‌ನಲ್ಲಿ ಬಿಡಿಭಾಗವಾಗಿ ಬರುವಾಗ ಎರಡೂ ಒಂದೇ ಜೋಡಣೆ, ಒಂದೇ ನಂಬರ್. ಕೆಲವದರಲ್ಲಿ ಬೇರೆ ಬೇರೆ. ‘ಪ್ಯಾನೆಲ್ ಅಂದರೆ ಏನೇನು ಸೇರುತ್ತೆ’ ಅಂತ ಅವರ ಕಾರ್ಡಲ್ಲಿ ಬರೆದಿದೆಯಾ ನೋಡಿ.

ಗೆರೆ ಬಿದ್ದವನು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ 50 ಇಂಚಿನದಕ್ಕೆ ಎಡಗಡೆ ನಾಲ್ಕು ಉದ್ದ ಗೆರೆ ಬಂದಿದೆ, ಮೂರು ವರ್ಷ ಹಳೇದು. ಬೆಂಗಳೂರಲ್ಲಿದ್ದೇನೆ. ಎಸ್.ಪಿ. ರೋಡಿಗೆ ತಗೊಂಡು ಹೋದರೆ ಆಗುತ್ತಾ? ಗೆರೆ ಬಂದ ಜಾಗ ಬೆರಳಿಂದ ಮೆಲ್ಲಗೆ ಒತ್ತಿದರೆ ಎರಡು ಗೆರೆ ಮಾಯ ಆಗುತ್ತವೆ.

ಬೆಸುಗೆ ಕಡ್ಡಿ

ಒತ್ತಬೇಡಿ ಮಾರಾಯರೇ. ಅದು ನಾನು ಹೇಳಿದ ಆ ಅಂಚಿನ ರಿಬ್ಬನ್ ಗಾಜಿನಿಂದ ಬಿಡುತ್ತಿರುವುದು. ಅದನ್ನು ಮತ್ತೆ ಕೂರಿಸಲು ಬಾಂಡಿಂಗ್ ಮಷಿನ್ ಬೇಕು, ನಮ್ಮ ಕಡ್ಡಿಯ ಕೆಲಸ ಅಲ್ಲ. ಮಷಿನ್ ಇರುವವರ ಹತ್ತಿರವೇ ಹೋಗಿ, ಗ್ಯಾರಂಟಿ ಎಷ್ಟು ತಿಂಗಳು ಅಂತ ಬರೆಸಿಕೊಳ್ಳಿ. ಹೊಸ ಪ್ಯಾನೆಲ್ ಅಂದರೆ ಟಿವಿ ಬೆಲೆಯ ಅರ್ಧಕ್ಕಿಂತ ಜಾಸ್ತಿ. ಮೂರು ವರ್ಷದ ಟಿವಿಗೆ ನಾನಾದರೆ ಹಾಕುವುದಿಲ್ಲ. ನಾಲ್ಕು ಗೆರೆ ಅಲ್ವಾ, ಕಣ್ಣಿಗೆ ರೂಢಿ ಆಗುತ್ತೆ, ನೋಡಿ.

ಸಾಗರದ ಸೊಸೆ (ಜನವರಿ 4, 2026)

ಏನಾಯಿತು ಅಂತ ಕೇಳಿದವರಿಗೆಲ್ಲ ಒಟ್ಟಿಗೆ ಉತ್ತರ.

15ಕ್ಕೇ ಇಮೇಲ್ ಹಾಕಿದೆ. ಮೂರನೇ ದಿನ ಫೋನ್ ಬಂತು. “ಮೇಡಂ, ನಿಮ್ಮದು ಪ್ಯಾನೆಲ್ ಅಲ್ಲ, ಬ್ಯಾಕ್‌ಲೈಟ್. ಅದಕ್ಕೆ ವಾರಂಟಿ ಬರಲ್ಲ. 4,600 ಆಗುತ್ತೆ.” ಟಿವಿಯನ್ನು ಯಾರೂ ಮುಟ್ಟಿಲ್ಲ, ಫೋಟೋ ಕೂಡ ಹೊಸದಾಗಿ ತೆಗೆದಿಲ್ಲ, ಶಿವಮೊಗ್ಗದಲ್ಲಿ ಕೂತೇ ರೋಗ ಬದಲಾಯಿತು! 19,400 ಇದ್ದಿದ್ದು 4,600 ಆಗಿದ್ದು ಹೇಗೆ ಅಂತ ಕೇಳಿದೆ. “ಸಿಸ್ಟಮ್‌ನಲ್ಲಿ ಹಾಗೆ ತೋರಿಸ್ತಿದೆ” ಅಂದರು. ಅದನ್ನೇ ಇಮೇಲ್‌ನಲ್ಲಿ ಕಳಿಸಿ ಅಂದೆ. ಕಳಿಸಲಿಲ್ಲ. ಕಾರ್ಡಲ್ಲಿ ‘ಪ್ಯಾನೆಲ್’ ಅಂತ ಇದೆಯೇ ಹೊರತು ಅದರಲ್ಲಿ ಏನು ಸೇರುತ್ತೆ, ಏನು ಸೇರಲ್ಲ ಅಂತ ಒಂದಕ್ಷರ ಇಲ್ಲ. ಅದನ್ನೂ ಬರೆದು ಇನ್ನೊಂದು ಇಮೇಲ್ ಹಾಕಿದೆ.

ಏಳು ದಿನ ಕಳೆಯಿತು. 22ಕ್ಕೆ 1915ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು, ದೂರಿನ ನಂಬರ್ ಮೆಸೇಜಲ್ಲಿ ಬಂತು. 27ಕ್ಕೆ ಕಂಪನಿಯ ಬೇರೆ ಯಾರೋ ಫೋನ್ ಮಾಡಿದರು, ಈ ಸಲ ದನಿಯೇ ಬೇರೆ. ‘ವಿಶೇಷ ಪ್ರಕರಣ’ ಅಂತ ಬಿಡಿಭಾಗ ಉಚಿತ, ಕೂಲಿ ಮಾತ್ರ ಕೊಡಿ ಅಂದರು. ವಿಶೇಷ ಏನಿದೆ ಇದರಲ್ಲಿ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಮೊನ್ನೆ 2ನೇ ತಾರೀಕು ಬಂದವರು ವಯಸ್ಸಾದವರು, ಜೊತೆಗೆ ಒಬ್ಬ ಸಹಾಯಕ. ಮಂಚದ ಮೇಲೆ ಹಾಸಿಗೆ, ಅದರ ಮೇಲೆ ತೊಳೆದ ಬೆಡ್‌ಶೀಟ್ ಹಾಕಿಸಿಕೊಂಡರು. ಫ್ಯಾನ್ ಆರಿಸಿದರು, ಬಾಗಿಲು ಹಾಕಿದರು. ಹೊರಗೆ ಅಡಿಕೆ ಬೇಯುತ್ತಿತ್ತು, ಆ ಹೊಗೆ ಒಳಗೆ ಬರಬಾರದು ಅಂತ. ಗಾಜು ಎತ್ತುವಾಗ ಇಬ್ಬರೂ ಉಸಿರು ಬಿಡಲಿಲ್ಲ, ನಾನೂ ಬಿಡಲಿಲ್ಲ. ಬೆಸುಗೆ ಕಡ್ಡಿ ಅಣ್ಣ ಹೇಳಿದ ಹಪ್ಪಳ ಕಣ್ಣೆದುರು ಬಂತು. ಒಳಗೆ ಪಟ್ಟಿಗಳಲ್ಲಿ ಎರಡು ಎಲ್‌ಇಡಿ ಸುಟ್ಟಿದ್ದವು, ಸುತ್ತಲ ಬಿಳಿ ಹಾಳೆ ದೋಸೆ ಹಂಚು ತಾಗಿದ ಹಾಗೆ ಕಂದಾಗಿತ್ತು. ಪೂರ್ತಿ ಸೆಟ್ ಬದಲಿಸಿದರು. ಒಂದೂವರೆ ಗಂಟೆ ಕೆಲಸ. 826 ರೂಪಾಯಿ. ಮೊದಲಿನ 590 ಸೇರಿ 1,416ಕ್ಕೆ ಮುಗಿಯಿತು. ಜಾಬ್ ಶೀಟಲ್ಲಿ ಹಾಕಿದ ಭಾಗಕ್ಕೆ 90 ದಿನ ವಾರಂಟಿ ಅಂತ ಬರೆಸಿಕೊಂಡೆ, ಹಳೇ ಪಟ್ಟಿಯನ್ನೂ ಕೇಳಿದೆ. ವಾಪಸ್ ಕಳಿಸಬೇಕು ಅಂತ ಕೊಡಲಿಲ್ಲ. ಫೋಟೋ ತೆಗೆದಿಟ್ಟಿದ್ದೇನೆ.

ಫ್ರಿಜ್ ಕೇಸಿನ ಸರ್, ಬೆಸುಗೆ ಕಡ್ಡಿ ಅಣ್ಣ, ಇಬ್ಬರಿಗೂ ಊರ ಕಡೆ ಬಂದರೆ ತೊಡೆದೇವು ಇದೆ. ನಮ್ಮನೆಯವರು 2,499ರ ಮಾತು ನಿಲ್ಲಿಸಿದ್ದಾರೆ.

ಹೋಗುವಾಗ ಆ ಹಿರಿಯರು ಒಂದು ಮಾತು ಹೇಳಿದರು. ಪಿಕ್ಚರ್ ಸೆಟ್ಟಿಂಗ್ ‘ವಿವಿಡ್’ನಲ್ಲಿ, ಬ್ಯಾಕ್‌ಲೈಟ್ 100ರಲ್ಲಿ ಇತ್ತಂತೆ. ಅಂಗಡಿಯಲ್ಲಿ ಜಗಮಗ ಕಾಣಲಿ ಅಂತ ಇಟ್ಟಿದ್ದು, ಮನೆಗೆ ಬಂದ ಮೇಲೂ ನಾವು ಮುಟ್ಟಿರಲಿಲ್ಲ. 55ಕ್ಕೆ ಇಳಿಸಿಕೊಟ್ಟರು. ಅತ್ತೆಗೆ ಅದು ಸಮಾಧಾನ ಇಲ್ಲ, ನಾಯಕಿಯ ಸೀರೆ ಮಾಸಿದ ಹಾಗೆ ಕಾಣುತ್ತಂತೆ. ನಾನು ಒಗ್ಗರಣೆ ಹಾಕಲು ಹೋದಾಗ ಮೊಮ್ಮಗನ ಕೈಯಲ್ಲಿ ಮತ್ತೆ 100 ಮಾಡಿಸುತ್ತಾರೆ. ಅದನ್ನು 55ರಲ್ಲೇ ಲಾಕ್ ಮಾಡಲು ಬರುತ್ತಾ?

ಬೆಸುಗೆ ಕಡ್ಡಿ

ಕೈಗೆ ಬಂದಿದ್ದ ಗಿರಾಕಿ ತಪ್ಪಿದರೂ ಖುಷಿ ಆಯಿತು ಅಕ್ಕ. ಲಾಕ್ ಮಾಡುವುದು ಕೆಲವು ಮಾಡೆಲ್‌ನಲ್ಲಿ ಬರುತ್ತೆ, ಪಿನ್ ಹಾಕಬೇಕು. ಮೆನು ಫೋಟೋ ಕಳಿಸಿ, ನೋಡುತ್ತೇನೆ. ಆದರೆ ಪಿನ್ ಯಾಕೆ ಹಾಕಿದೆ ಅಂತ ಅತ್ತೆಯವರಿಗೆ ಹೇಳುವುದು ನಿಮ್ಮ ಡಿಪಾರ್ಟ್‌ಮೆಂಟು.